ಅಪ್ಪ ದುಬೈಯಲ್ಲಿ, ಮಗಳು ಉಡುಪಿಯಲ್ಲಿ: ಜೀವನಾಂಶದ ಲೆಕ್ಕ ನಾನು ಹಾಕಿದ್ದು ಹೀಗೆ

"ಸಮುದ್ರ ದಾಟಿ ಹೋದವನನ್ನು ಇಲ್ಲಿಯ ಕೋರ್ಟು ಏನು ಮಾಡುತ್ತೆ ಮಗಾ? ಸುಮ್ನೆ ವಕೀಲರ ಫೀಸು ದಂಡ" ಅಂತ ಚಿಕ್ಕಪ್ಪ ಹೇಳಿದ್ದು 2021ರ ಮಳೆಗಾಲದಲ್ಲಿ. ನನ್ನ ಮೊದಲ ವಕೀಲರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಈಗ ಮಗಳ ಜೀವನಾಂಶ ತಪ್ಪದೆ ಬರುತ್ತಿದೆ, ಹಳೇ ಬಾಕಿಯೂ ಬಂದಿದೆ. ಕೇಸು ಹಾಕಿ ಅರ್ಧದಲ್ಲಿ ಸುಸ್ತಾಗಿರುವ ತಾಯಂದಿರು ಓದಲಿ ಅಂತ ಬರೆಯುತ್ತಿದ್ದೇನೆ. ಅರ್ಜಿ ಎಲ್ಲಿ ಹಾಕಬೇಕು, ಅಫಿಡವಿಟ್ ಅಂದರೇನು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ನಾನು ಹಾಕಿದಾಗ ಸಿಆರ್‌ಪಿಸಿ 125 ಇತ್ತು, ಅಂದರೆ ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಕಲಂ. 2024ರ ಜುಲೈ 1ರಿಂದ ಅದೇ ವಿಷಯ ಹೊಸ ಸಂಹಿತೆ ಬಿಎನ್‌ಎಸ್‌ಎಸ್ 144ರಲ್ಲಿದೆ.

ಮೊದಲ ಪೆಟ್ಟು ಸಮನ್ಸ್‌ನಲ್ಲೇ ಬಿತ್ತು. ಮಗಳ ಅಪ್ಪನ ಕಂಪನಿ ವಿಳಾಸಕ್ಕೆ ಕಳಿಸಿದ್ದು ವಾಪಸ್ ಬಂತು. ಅಲ್ಲಿ ನಮ್ಮ ಊರಿನ ಹಾಗೆ ಮನೆ ಬಾಗಿಲಿಗೆ ಅಂಚೆಯವರು ಬರಲ್ಲ, ಎಲ್ಲ ಪಿಒ ಬಾಕ್ಸ್. ಇದೊಂದರಲ್ಲೇ ಆರು ತಿಂಗಳು ಹೋಯಿತು. ಆಮೇಲೆ ಇಮೇಲ್ ಮತ್ತು ವಾಟ್ಸಾಪ್‌ನಲ್ಲಿ ಕಳಿಸಲು ಅನುಮತಿ ಕೇಳಿದೆವು. ಎರಡು ನೀಲಿ ಟಿಕ್ ಬಂದ ಸ್ಕ್ರೀನ್‌ಶಾಟ್ ಜೊತೆಗೆ, ಅದೇ ನಂಬರಿನಿಂದ ಮಗಳಿಗೆ ಹುಟ್ಟುಹಬ್ಬದ ಮೆಸೇಜ್ ಬಂದದ್ದನ್ನೂ ಹಾಕಿದೆ. ನಂಬರು ಅವರದ್ದೇ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇನ್ನು ಲೆಕ್ಕ. ಎಲ್ಲರೂ ಇಲ್ಲೇ ಎಡವೋದು. ಸಂಬಳವನ್ನು ರೂಪಾಯಿಗೆ ತಿರುಗಿಸಿ ಅದರಲ್ಲಿ ಇಷ್ಟು ಪಾಲು ಕೊಡಿ ಅಂತ ಕೇಳುತ್ತಾರೆ. ಆ ಕಡೆಯ ವಕೀಲರು ಅಲ್ಲಿಯ ಬಾಡಿಗೆ, ಊಟ, ವೀಸಾ ಖರ್ಚು ಅಂತ ಪಟ್ಟಿ ಇಟ್ಟು, ಕೈಗೆ ಏನೂ ಉಳಿಯಲ್ಲ ಅಂತ ತೋರಿಸುತ್ತಾರೆ. ನಾನು ಲೆಕ್ಕವನ್ನು ಮಗಳಿಂದ ಶುರು ಮಾಡಿದೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ, ಪುಸ್ತಕ ನೋಡಿದರೆ ಭಯ ಇಲ್ಲ. ಹದಿನಾಲ್ಕು ತಿಂಗಳು ಒಂದು ದಿನ ಬಿಡದೆ ಬರೆದೆ. ಶಾಲೆ ಫೀಸು ವರ್ಷಕ್ಕೆ 60 ಸಾವಿರದ ಮೇಲೆ, ವ್ಯಾನಿಗೆ ತಿಂಗಳಿಗೆ 1,600, ಉಬ್ಬಸದ ಇನ್‌ಹೇಲರ್, ಡಾಕ್ಟರು, ಟ್ಯೂಷನ್, ಬಟ್ಟೆ, ಮನೆ ಬಾಡಿಗೆಯಲ್ಲಿ ಅವಳ ಪಾಲು, ಎಲ್ಲ ಸೇರಿ ತಿಂಗಳಿಗೆ 24 ಸಾವಿರದ ಹತ್ತಿರ ಬಂತು. ಪ್ರತಿ ಸಾಲಿಗೂ ರಸೀದಿ. ವ್ಯಾನಿನವರು ರಸೀದಿ ಕೊಡಲ್ಲ ಅಲ್ವಾ, ಅವರಿಗೆ ಯುಪಿಐನಲ್ಲೇ ಕೊಡುತ್ತಾ ಬಂದೆ.

ಮಗಳ ಅಪ್ಪನ ಆದಾಯಕ್ಕೆ ಸಾಕ್ಷಿ ನನ್ನ ಕೈಗೆಟಕುವಲ್ಲೇ ಇತ್ತು, ಒಂದು ವರ್ಷ ಹೊಳೆದೇ ಇರಲಿಲ್ಲ. ಮಣಿಪಾಲದಲ್ಲಿ ಅವರ ಹೆಸರಿನಲ್ಲಿ ಫ್ಲ್ಯಾಟ್ ತೆಗೆದಾಗ ಬ್ಯಾಂಕ್ ಸಾಲದಲ್ಲಿ ನಾನೂ ಸಹ-ಅರ್ಜಿದಾರಳು. ಆ ಫೈಲಿಗೆ ಅವರೇ ಕೊಟ್ಟ ಸಂಬಳದ ಪ್ರಮಾಣಪತ್ರ, ಸಂಬಳ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟ್ ಎಲ್ಲ ಇತ್ತು. ಸುಮಾರು 9,000 ದಿರ್ಹಮ್. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಅಷ್ಟೂ ಕೈಗೇ. ಕೋರ್ಟಿಗೆ ಕೊಟ್ಟ ಅಫಿಡವಿಟ್‌ನಲ್ಲಿ ಅವರು 4,500 ಅಂತ ಬರೆದಿದ್ದರು. ಆಸ್ತಿ, ಆದಾಯದ ಈ ಅಫಿಡವಿಟ್ ಅನ್ನು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಇಬ್ಬರಿಗೂ ಕಡ್ಡಾಯ ಮಾಡಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಿಡಿಯಬೇಕು ಅಂತ ಹೇಳಿದ್ದೂ ಅದೇ ತೀರ್ಪು. ಸಂಬಳದ ಪ್ರಮಾಣಪತ್ರ, ಅವರ ಅಫಿಡವಿಟ್ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಆ ಕಡೆಯವರು ವಾಯಿದೆ ಕೇಳಿದರು. ಬ್ಯಾಂಕಿನಿಂದ ಆ ಪ್ರತಿ ಹೇಗೆ ತೆಗೆದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಸಹ ಅರ್ಜಿದಾರರಿಗೆ ಕೇಳುವ ಹಕ್ಕಿದೆ, ಅಷ್ಟು ತಿಳಿದಿದ್ದರೆ ಸಾಕು.

ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗೆ ಕೊಡಬೇಕಾದದ್ದು, ತಿಂಗಳಿಗೆ 15 ಸಾವಿರ ಆಯಿತು. ಎರಡು ತಿಂಗಳು ಕೊಟ್ಟು ನಿಲ್ಲಿಸಿದರು. ಇಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಅಂತ ಕಾದೆ. ಬಾಕಿಗೆ ವಾರಂಟ್ ಕೇಳುವ ಅರ್ಜಿಯನ್ನು ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ನಾಲ್ಕು ತಿಂಗಳ ಹಣ, 60 ಸಾವಿರ, ಆ ಗಡುವು ದಾಟಿ ಕೈತಪ್ಪಿತು. ಮಗಳ ಒಂದು ವರ್ಷದ ಫೀಸು ಅದು. ದಯವಿಟ್ಟು ಆರು ತಿಂಗಳಿಗಿಂತ ಜಾಸ್ತಿ ಕಾಯಬೇಡಿ.

ನಡುವೆ ಬೇರೆ ಬೇರೆ ಪ್ರಯತ್ನಗಳೂ ಆದವು. ಅವರ ಕಂಪನಿಗೆ ಆದೇಶದ ಪ್ರತಿ ಇಮೇಲ್ ಮಾಡಿದೆ, ಉತ್ತರವೇ ಬರಲಿಲ್ಲ. "ಈಗ ಯುಎಇ ಜೊತೆ ಒಪ್ಪಂದ ಇದೆ, ಅಲ್ಲೇ ಜಾರಿ ಮಾಡಿಸಿ" ಅಂತ ಯಾರೋ ಹೇಳಿದರು. 2020ರ ಜನವರಿಯ ಅಧಿಸೂಚನೆ ಇರೋದು ಅಲ್ಲಿಯ ತೀರ್ಪನ್ನು ಇಲ್ಲಿ ಜಾರಿ ಮಾಡೋದಕ್ಕೆ. ಇಲ್ಲಿಯ ಆದೇಶವನ್ನು ಅಲ್ಲಿಗೆ ಒಯ್ಯಬೇಕಾದರೆ ಅರಬ್ಬಿ ಅನುವಾದ, ದೃಢೀಕರಣ, ಅಲ್ಲಿಯ ವಕೀಲರು ಎಲ್ಲ ಬೇಕು. ನನಗೆ ಹೇಳಿದ ಖರ್ಚು ಎರಡು ಲಕ್ಷದ ಮೇಲೆ, ಬಿಟ್ಟುಬಿಟ್ಟೆ. ಪಾಸ್‌ಪೋರ್ಟ್ ಜಪ್ತಿಗೆ ಹೋಗಿ ಅಂದವರೂ ಇದ್ದರು. ಪಾಸ್‌ಪೋರ್ಟ್ ಹೋದರೆ ಕೆಲಸ ಹೋಗುತ್ತದೆ. ಕೆಲಸ ಇಲ್ಲದ ಅಪ್ಪನಿಂದ ಮಗಳಿಗೆ ಏನು ಬರುತ್ತೆ? ನಾನು ಅದಕ್ಕೆ ಕೈ ಹಾಕಲಿಲ್ಲ, ಈಗಲೂ ಅದೇ ಸರಿ ಅನ್ನಿಸುತ್ತದೆ.

2023ರ ಕೊನೆಯಲ್ಲಿ ಅಂತಿಮ ಆದೇಶ ಬಂತು, ತಿಂಗಳಿಗೆ 22 ಸಾವಿರ, ವರ್ಷಕ್ಕೆ 5 ಪರ್ಸೆಂಟ್ ಏರಿಕೆ. ಏರಿಕೆಗೆ ನಾನು ಕೊಟ್ಟ ಕಾರಣ ದಿರ್ಹಮ್ ಲೆಕ್ಕ. 2021ರಲ್ಲಿ ಒಂದು ದಿರ್ಹಮ್‌ಗೆ 20 ರೂಪಾಯಿ, ಈ ಹೊತ್ತಿಗೆ 22 ದಾಟಿತ್ತು. ರೂಪಾಯಿಯಲ್ಲಿ ನಿಗದಿಯಾದ ಮೊತ್ತ ಅವರಿಗೆ ವರ್ಷ ವರ್ಷ ಹಗುರವಾಗುತ್ತದೆ, ಇಲ್ಲಿ ಫೀಸು ಮಾತ್ರ ಏರುತ್ತದೆ. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಕೊಟ್ಟೆ.

ಹಣ ಬಂದದ್ದು ಆ ಫ್ಲ್ಯಾಟಿನಿಂದ. ಸಾಲ ತೀರಿತ್ತು, 16 ಸಾವಿರ ಬಾಡಿಗೆ ನೇರ ಅವರ ಎನ್‌ಆರ್‌ಒ ಖಾತೆಗೆ, ಅಂದರೆ ಹೊರದೇಶದಲ್ಲಿರುವವರು ಇಲ್ಲಿಯ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆಗೆ, ಹೋಗುತ್ತಿತ್ತು. ವಾರಂಟ್ ಹಿಡಿದು ಮನುಷ್ಯನ ಹಿಂದೆ ಓಡೋದು ಬಿಟ್ಟು, ಆದೇಶವನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯಲ್ಲಿ ಫ್ಲ್ಯಾಟ್ ಮತ್ತು ಬಾಡಿಗೆ ಎರಡನ್ನೂ ಜಪ್ತಿಗೆ ಕೇಳಿದೆವು. ಬಾಡಿಗೆದಾರರು ಕೋರ್ಟಿಗೆ ಕಟ್ಟಬೇಕು ಅಂತ ಆದೇಶವಾಯಿತು. ಆದರೆ ಎನ್‌ಆರ್‌ಐ ಮಾಲೀಕರ ಬಾಡಿಗೆಯಲ್ಲಿ 30 ಪರ್ಸೆಂಟ್ ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ), ಮೇಲೆ ಸೆಸ್ ಬಾಡಿಗೆದಾರರೇ ಹಿಡಿಯಬೇಕು. ನಮಗೆ ಬಂದದ್ದು ಬರೀ 11 ಸಾವಿರ. ನೀವು ಲೆಕ್ಕ ಹಾಕುವಾಗ ಇದನ್ನು ಮೊದಲೇ ಕಳೆದುಕೊಳ್ಳಿ.

ಕೆಲಸ ಮಾಡಿದ್ದು ಫ್ಲ್ಯಾಟಿನ ಜಪ್ತಿ. ಅವರು ಅದನ್ನು ಮಾರಲು ಮಾತುಕತೆ ನಡೆಸಿದ್ದರು, ಜಪ್ತಿಯಿಂದ ಮಾರಾಟ ಸಿಕ್ಕಿಬಿತ್ತು. ಯಾವ ದಿನ ಅರ್ಜಿ ಹಾಕಿದೆವು, ಮಾರಾಟದ ಸುದ್ದಿ ನನಗೆ ಹೇಗೆ ಗೊತ್ತಾಯಿತು ಅನ್ನೋದು ನನ್ನಲ್ಲೇ ಇರಲಿ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರೇ ಫೋನ್ ಮಾಡಿದರು. ನಾಲ್ಕು ಲಕ್ಷದ ಆಸುಪಾಸಿನ ಬಾಕಿಯನ್ನು ಎರಡು ಕಂತಿನಲ್ಲಿ ಕಟ್ಟಿದರು. ಮಗಳಿಗೆ 18 ಆಗುವವರೆಗಿನ ಮೊತ್ತದಲ್ಲಿ ದೊಡ್ಡ ಪಾಲನ್ನು ಅವಳ ಹೆಸರಿನಲ್ಲಿ ಠೇವಣಿ ಇಟ್ಟ ಮೇಲೆಯೇ ಜಪ್ತಿ ತೆರವಿಗೆ ನಾನು ಒಪ್ಪಿದ್ದು.

ನನ್ನ ಒಟ್ಟು ಖರ್ಚು 70 ಸಾವಿರ ಇರಬಹುದು, ಅದರಲ್ಲಿ ಮುಕ್ಕಾಲು ಮೊದಲ ವಕೀಲರಿಗೇ ಹೋಯಿತು. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಅಮಲ್ಜಾರಿ ಅರ್ಜಿ ನಡೆಸಿದ್ದು ಅಲ್ಲಿಂದ ಬಂದ ವಕೀಲರೇ, ಚಿಕ್ಕ ವಯಸ್ಸಿನ ಹುಡುಗಿ. ಕಂತು ಬಂದ ದಿನ ಚಿಕ್ಕಪ್ಪ ಪಾಸ್‌ಬುಕ್ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ ಎರಡು ಸಲ ಓದಿದರು. "ಆ ಲೆಕ್ಕದ ಪುಸ್ತಕ ಬಿಸಾಡಬೇಡ ಮಗಾ" ಅಂದರು. ಈಗ ಮೂರನೇ ಪುಸ್ತಕ ನಡೆಯುತ್ತಿದೆ.