ಸಾಲಿಗಿ ಹೋಗಂಗಿಲ್ಲ: ಒಂದು ಚಿತ್ರಪುಸ್ತಕ, ಮೂರು ಸಲ

ಸಾಲಿಗೆ (ಶಾಲೆಗೆ) ಹೋಗಲು ಹೆದರುವ ಮಕ್ಕಳಿಗೆಂದು ಮಾಡಿದ ನನ್ನ ಚಿತ್ರಪುಸ್ತಕ ಮೂರನೇ ಸಲ ಅಚ್ಚಿಗೆ ಹೋದಾಗ ಪ್ರೆಸ್ಸಿನವರೇ ಕೇಳಿದರು: "ಯಾಕ್ರೀ ಸರ, ಮತ್ತ ರೊಕ್ಕ ನೀರಾಗ ಹಾಕಾಕ ಹೊಂಟೀರಿ?" ಈ ಸಲದ 600 ಪ್ರತಿಯಲ್ಲಿ ಈಗ ಮನೆಯಲ್ಲಿರುವುದು 30–40. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದರಲ್ಲಿ ಗುಡ್ಡದಷ್ಟು ಶಾಲೆ, ಮೂಲೆಯಲ್ಲಿ ಇರುವೆಯಂಥ ಹುಡುಗಿ. ಚಿತ್ರ ಚೆನ್ನಾಗಿಯೇ ಇತ್ತು, ಈಗಲೂ ಹೇಳುತ್ತೇನೆ. ಗಂಗಾವತಿ ಕಡೆಯ ಒಂದು ಅಂಗನವಾಡಿಯಲ್ಲಿ ಓದಿದೆ. ಆರಾಮಾಗಿ ಕೂತಿದ್ದ ಹುಡುಗನೊಬ್ಬ ನಾಲ್ಕನೇ ಪುಟಕ್ಕೆ ಬಿಕ್ಕತೊಡಗಿದ. ಅವನನ್ನು ನೋಡಿ ಉಳಿದವರೂ. ಇಲ್ಲದ ಹೆದರಿಕೆ ಹಂಚಿ ಬಂದಿದ್ದೆ. ಕೊನೆಪುಟದ "ಹೆದರಬೇಡ ಮರಿ" ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಎರಡನೆಯದು ದುಡ್ಡು ತಿಂದಿತು. ಅಕ್ಷರಕ್ಕೆ ಕರಿ ಬಣ್ಣವೊಂದೇ ಇರಬೇಕಿತ್ತು, ಫೈಲಿನಲ್ಲಿ ಅಚ್ಚಿನ ನಾಲ್ಕೂ ಬಣ್ಣ ಸೇರಿದ ಕಪ್ಪು ಉಳಿದುಬಿಟ್ಟಿತ್ತು. ಅಚ್ಚು ಕೂದಲೆಳೆಯಷ್ಟು ಸರಿದು ಒತ್ತಕ್ಷರಕ್ಕೆಲ್ಲ ಕೆಂಪು ನೆರಳು. 'ಅಕ್ಕೋರು' (ನಮ್ಮ ಕಡೆ ಟೀಚರಮ್ಮ) ಎಂಬಲ್ಲಿನ ಒತ್ತು ಥೇಟ್ ಹುಳ. 500 ಪ್ರತಿ, ಸುಮಾರು 28,000 ರೂಪಾಯಿ. ಫೈಲ್ ಮಾಡಿದವ ನಾನೇ, ಯಾರನ್ನು ಬಯ್ಯಲಿ?

ನಡುವೆ ಒಂದು ಹುಚ್ಚು. ಕೊಪ್ಪಳದ ಹತ್ತಿರದ ಕಿನ್ನಾಳದ ಕಟ್ಟಿಗೆ ಗೊಂಬೆಗೆ ಬಳಿಯುವ ಕಿಟ್ಟ ಗೊತ್ತಲ್ಲ, ಹುಣಸೆಬೀಜದ ಅಂಟಿಗೆ ಕಟ್ಟಿಗೆ ಹೊಟ್ಟು, ಸೆಣಬಿನ ಪುಡಿ ಕಲಸಿದ್ದು. ಅದನ್ನು ರಟ್ಟಿಗೆ ಬಳಿದು ಮೇಲೆ ಚಿತ್ರ ಬಿಡಿಸಿದೆ, ಗೊಂಬೆಯ ಉಬ್ಬು ಪುಟಕ್ಕೂ ಬರಲಿ ಅಂತ. ಒಣಗಿದ ರಟ್ಟು ಹಪ್ಪಳದಂತೆ ಸೊಟ್ಟಗಾಗಿ ಸ್ಕ್ಯಾನರಿನ ಮುಚ್ಚಳ ಕೂರಲಿಲ್ಲ. ಗೊಂಬೆಯ ಕೆಂಪನ್ನು ಮಾತ್ರ ಬಿಡಲಿಲ್ಲ. ಪುಸ್ತಕದ ಪಾಟಿಚೀಲ ಅದೇ ಕೆಂಪು.

ಮೂರನೇ ಸಲ ಪೆನ್ಸಿಲ್ ಹಿಡಿಯುವ ಮೊದಲು ಮಕ್ಕಳ ಜೊತೆ ಕೂತೆ. "ಉಚ್ಚಿ ಬಂದ್ರ ಯಾರ್ನ ಕೇಳ್ಬೇಕು?" "ಅವ್ವ ಕೂಲಿಗಿ ಹೋಗಿ ಕರಿಯಾಕ ಬರೂದು ಮರತ್ರ?" "ನನ್ನ ಚಪ್ಪಲಿ ಯಾರರ ಹಾಕ್ಕೊಂಡು ಹ್ವಾದ್ರ?" ಇಷ್ಟೇ ಅವರ ಚಿಂತೆ. ಗುಡ್ಡವೂ ಇಲ್ಲ, ರಾಕ್ಷಸನೂ ಇಲ್ಲ. ಇದನ್ನು ಅವರ ಬಾಯಿಂದ ಹೊರಡಿಸಿದ ಉಪಾಯ ನನ್ನ ಹತ್ತಿರವೇ ಇರಲಿ. ಮೂರೇ ಚಿಂತೆಗೆ 24 ಪುಟ. ಎಲ್ಲವನ್ನೂ ಮೂರಡಿ ಎತ್ತರದಿಂದ ನೋಡಿ ಬಿಡಿಸಿದೆ: ಅಕ್ಕೋರ ಸೀರೆಯ ನಿರಿಗೆ, ಕೈಗೆಟುಕದ ಅಗಳಿ, ಬಿಸಿಯೂಟದ ತಟ್ಟೆಯ ಅಂಚು. ಚಪ್ಪಲಿ ಪುಟದಲ್ಲಿ ಹುಡುಗಿ ತನ್ನ ಚಪ್ಪಲಿಗೆ ಕೆಂಪು ದಾರ ಕಟ್ಟುತ್ತಾಳೆ.

"ಉಚ್ಚಿ ತಗೀರಿ, ಸಾಲಿ ಅನ್ನೂದು ಶಾಲೆ ಮಾಡ್ರಿ, ಇಲ್ಲಾಂದ್ರ ಯಾರೂ ಕೊಳ್ಳಂಗಿಲ್ಲ" ಎಂದರು ಹಿರಿಯ ಮಾಸ್ತರೊಬ್ಬರು. ತೆಗೆಯಲಿಲ್ಲ. ಮಕ್ಕಳು ಬಿದ್ದು ಬಿದ್ದು ನಗುವುದೇ ಆ ಪುಟಕ್ಕೆ. ಬೆಲೆ 80 ರೂಪಾಯಿ, ಪ್ರತಿಯೊಂದಕ್ಕೆ ನನಗೆ ಬಿದ್ದ ಖರ್ಚು 55ರ ಆಸುಪಾಸು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಿರ್ಚಿ ಅಂಗಡಿಯ ಪಕ್ಕ ಚಾಪೆ ಹಾಸಿ ಕೂತು 150ರಷ್ಟು ಮಾರಿದೆ, ಎಣ್ಣೆ ಕಲೆಯಾದವನ್ನು ಬಿಟ್ಟು. ಹಳೆ ನಷ್ಟ ಇನ್ನೂ ಅರ್ಧವೂ ತುಂಬಿಲ್ಲ.

ಮೊನ್ನೆ ಕುಷ್ಟಗಿ ಹತ್ತಿರದ ಒಂದು ಸಾಲಿಗೆ ಹೋಗಿದ್ದೆ. ಬಾಗಿಲಲ್ಲಿ ಇಪ್ಪತ್ತು ಜೋಡಿ ಚಪ್ಪಲಿ, ಇಪ್ಪತ್ತಕ್ಕೂ ಕೆಂಪು ದಾರ. ಯಾವುದು ಯಾರದೆಂದು ಅಕ್ಕೋರು ತಲೆ ಕೆರೆದುಕೊಳ್ಳುತ್ತಿದ್ದರು.