ಹೆಸರಿಗೆ ಬಹುವಚನ ಹಚ್ಚುವಾಗ

ಇಂಗ್ಲಿಷ್ ಕರಡು ತಿದ್ದುವುದು ನನ್ನ ಕೆಲಸ. ಶುರುವಿನಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಟೆನ್ಸ್ ಅಲ್ಲ, ಬಹುವಚನ. ಅದರಲ್ಲೂ ಅಂಕಿತನಾಮಗಳ ಬಹುವಚನ.

ಒಂದು ಕುಟುಂಬದ ಕಥೆ ತಿದ್ದಲು ಬಂದಿತ್ತು. ಮನೆತನದ ಹೆಸರು ಮರ್ಫಿ. ಬೇಬಿ ಅನ್ನೋ ಪದ ಬಹುವಚನ ಆದಾಗ ಕೊನೆಯ ವೈ ಬಿದ್ದು ಐಇಎಸ್ ಬರುತ್ತದಲ್ಲ, ಅದೇ ನೆನಪಿನಲ್ಲಿ ಪುಟದ ಮೇಲೆ ಪುಟ ಮರ್ಫಿಯ ವೈ ಹೊಡೆದುಹಾಕಿ ಐಇಎಸ್ ಬರೆಯುತ್ತಾ ಹೋದೆ. ಜೊತೆಗಿದ್ದ ಹಿರಿಯರು ನೋಡಿ ಒಂದೇ ಪ್ರಶ್ನೆ ಕೇಳಿದರು: "ಈಗ ಇವರಲ್ಲಿ ಒಬ್ಬನ ಹೆಸರು ಮಾತ್ರ ಬರಿ ಅಂದ್ರೆ ಕೊನೆಗೆ ವೈ ಹಾಕ್ತೀಯೋ, ಐಇ ಹಾಕ್ತೀಯೋ?" ನನಗೆ ಹೆಸರು ಗೊತ್ತಿತ್ತು. ಓದುವವರಿಗೆ ಹೇಗೆ ಗೊತ್ತಾಗಬೇಕು?

ಅವತ್ತಿನಿಂದ ನನ್ನ ನಿಯಮ ಇಷ್ಟೇ. ಹೆಸರಿನ ಒಳಗೆ ಕೈ ಹಾಕಬಾರದು, ಕೊನೆಗೆ ಮಾತ್ರ ಅಂಟಿಸಬೇಕು. ಮರ್ಫಿಗೆ ವೈ ಉಳಿಸಿಕೊಂಡೇ ಎಸ್. 1949ರಿಂದ 1990ರವರೆಗೆ ಇದ್ದ ಎರಡು ಜರ್ಮನಿಗಳನ್ನು ಬರೆಯುವಾಗಲೂ ಹಾಗೇ, ವೈ ಅಲುಗಾಡುವುದಿಲ್ಲ. ಕಾಡಿನ ತೋಳಗಳು ವುಲ್ವ್ಸ್, ಆದರೆ ವುಲ್ಫ್ ಅನ್ನೋ ಹೆಸರಿನ ಮನೆಯವರು ವುಲ್ಫ್ಸ್. ಮರದ ಎಲೆಗಳು ಲೀವ್ಸ್, ಆದರೆ ಟೊರಾಂಟೊದ ಹಾಕಿ ತಂಡ 1927ರಿಂದಲೂ ಮೇಪಲ್ ಲೀಫ್ಸ್. ಹೆಸರೇ ಎಸ್, ಎಕ್ಸ್, ಜೆಡ್ ಅಥವಾ ಎಸ್‌ಎಚ್‌ನಲ್ಲಿ ಮುಗಿದರೆ ಇಎಸ್: ಜೋನ್ಸ್ ಮನೆಯವರು ಜೋನ್ಸಸ್. ರಾಕಿ ಪರ್ವತಗಳು ಮಾತ್ರ ವೈ ಕಳೆದುಕೊಂಡು ಐಇಎಸ್ ಆಗಿವೆ. ಅದು ರೂಢಿ, ಹಾಗೇ ನೆನಪಿಟ್ಟುಕೊಳ್ಳಬೇಕು.

ಇನ್ನು ಅಪಾಸ್ಟ್ರಫಿ. ಹೆಸರು ಕಂಡರೆ ಸಾಕು, ಎಷ್ಟೋ ಜನರ ಕೈ ತಾನಾಗೇ ಆ ಚುಕ್ಕೆ ಇಟ್ಟುಬಿಡುತ್ತದೆ. ಇದಕ್ಕೆ ನಾನು ಕನ್ನಡದಲ್ಲೇ ಪರೀಕ್ಷೆ ಮಾಡುತ್ತೇನೆ. ಆ ಜಾಗದಲ್ಲಿ 'ಮರ್ಫಿಯವರು ಬಂದರು' ಅಂತ ಓದಲು ಆಗುತ್ತದೆಯೇ? ಹಾಗಾದರೆ ಬರೀ ಎಸ್ ಸಾಕು. 'ಮರ್ಫಿಯವರ ಮನೆ' ಅಂತ ಓದಬೇಕೇ? ಆಗ ಮೊದಲು ಬಹುವಚನ ಮಾಡಿ, ಅದು ಮುಗಿದ ಮೇಲೆ, ಎಸ್ ಆಚೆಗೆ ಅಪಾಸ್ಟ್ರಫಿ. 'ಅವರು', 'ಅವರ' ಅನ್ನುವ ಈ ವ್ಯತ್ಯಾಸ ನಮ್ಮ ಬಾಯಲ್ಲಿ ಎಂದೂ ತಪ್ಪುವುದಿಲ್ಲ, ಅಲ್ವಾ?

ರೂಢನಾಮಗಳಲ್ಲಿ ನಾನು ಕಣ್ಣಿಗಿಂತ ಕಿವಿಯನ್ನು ನಂಬುತ್ತೇನೆ. ಚರ್ಚ್ ಮತ್ತು ಸ್ಟಮಕ್ ಎರಡೂ ಬರಹದಲ್ಲಿ ಸಿಎಚ್‌ನಲ್ಲೇ ಮುಗಿಯುತ್ತವೆ. ಮೊದಲನೆಯದರಲ್ಲಿ 'ಚ್' ಕೇಳುತ್ತದೆ, ಅದಕ್ಕೇ ಇಎಸ್. ಎರಡನೆಯದರಲ್ಲಿ ಕೇಳುವುದು 'ಕ್', ಬರೀ ಎಸ್. ಎಲ್ಲದಕ್ಕೂ ಕಿವಿ ಸಾಲದು: ಪೊಟ್ಯಾಟೊಗೆ ಇಎಸ್, ಫೋಟೊಗೆ ಎಸ್. ಇಂಥವನ್ನು ಸುಮ್ನೆ ಬಾಯಿಪಾಠ ಮಾಡಿದೆ.

ನಮ್ಮವರ ಕರಡಿನಲ್ಲಿ ಕಾಣುವ ಕೆಲವು ತಪ್ಪುಗಳಿಗೆ ಬೇರು ಕನ್ನಡದಲ್ಲೇ ಇದೆ ಅನ್ನಿಸುತ್ತದೆ. 'ಎರಡು ಪುಸ್ತಕ ಕೊಡು' ಅಂದರೆ ನಮಗೆ ಸಾಕು, ಸಂಖ್ಯೆ ಹೇಳಿದ ಮೇಲೆ 'ಗಳು' ಬೇಕೇ ಬೇಕು ಅಂತಿಲ್ಲ. ಹಾಗಾಗಿ 'ಟೂ ಬುಕ್' ಅಂತ ಬರೆದುಬಿಡುತ್ತೇವೆ. ಇನ್ನೊಂದು ಕಡೆ 'ಮಾಹಿತಿಗಳು' ನಮಗೆ ಸಲೀಸು, ಆದ್ದರಿಂದ ಇನ್ಫರ್ಮೇಶನ್ನಿಗೂ ಎಸ್ ಹಚ್ಚುತ್ತೇವೆ. ಅದಕ್ಕೆ ಹಚ್ಚುವಂತಿಲ್ಲ, ಫರ್ನಿಚರ್‌ಗೂ ಅಷ್ಟೇ. ಕ್ರೈಟೀರಿಯ ಆಗಲೇ ಬಹುವಚನ, ಅದರ ಏಕವಚನ ಕ್ರೈಟೀರಿಯನ್. ಅದಕ್ಕೆ ಮತ್ತೊಂದು ಎಸ್ ಕಂಡರೆ ತೆಗೆಯುತ್ತೇನೆ.

ಆದರೆ 'ಶೂಸ್‌ಗಳು' ಅಂದವರನ್ನು ನಾನು ನಗುವುದಿಲ್ಲ. ಇಂಗ್ಲಿಷ್‌ನ ಚಿಲ್ಡ್ರನ್ ಕೂಡ ಹಾಗೇ ಹುಟ್ಟಿದ್ದು. ಹಳೆಯ ಕಾಲದಲ್ಲಿ ಒಳಗಿನ 'ರ್' ಭಾಗವೇ ಬಹುವಚನದ ಗುರುತು. ಅದು ಜನರ ಕಿವಿಗೆ ಸಾಲದಾದಾಗ ಆಕ್ಸನ್ (ಎತ್ತುಗಳು) ಅನ್ನೋ ಬಹುವಚನದಲ್ಲಿರುವ 'ಅನ್' ಕೂಡ ಮೇಲೆ ಬಂದು ಕೂತಿತು.

ಈಗ ಯಾವ ಕರಡು ಬಂದರೂ ಮೊದಲು ಒಂದು ಹಾಳೆಯಲ್ಲಿ ಅದರೊಳಗಿನ ಮನೆತನಗಳನ್ನೆಲ್ಲ ಬರೆದುಕೊಳ್ಳುತ್ತೇನೆ. ಒಬ್ಬರಾದರೆ ಹೇಗೆ, ಹಲವರಾದರೆ ಹೇಗೆ, ಅವರದಾದರೆ ಹೇಗೆ ಅಂತ ಮೂರು ಸಾಲು. ತಿದ್ದುವಾಗ ಅದು ನನ್ನ ಎಡಗಡೆ ಇರುತ್ತದೆ.