ಬ್ಲಾಕು ಜೋಡಿಸುವ ಕೌದಿಗೆ ತುಂಡುಗಳ ಅಳತೆ ಹಾಕುವ ಕ್ರಮ

ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಸಾಂಪ್ರದಾಯಿಕ ಕೌದಿಗೆ ಈ ಲೆಕ್ಕ ಬೇಕಾಗುವುದಿಲ್ಲ. ಹಳೆಯ ಸೀರೆಯ ಹಾಸಿನ ಮೇಲೆ ಅಂಚಿನಿಂದ ಆರಂಭಿಸಿ, ಪ್ರತಿ ತುಂಡಿನ ಬದಿಯನ್ನು ಒಳಕ್ಕೆ ಮಡಚಿ ಹೊಲಿಯುತ್ತ ನಡುವಿಗೆ ಬರುವುದರಿಂದ, ಒಂದು ತುಂಡು ಚಿಕ್ಕದಾದರೆ ಪಕ್ಕದ್ದು ಅದನ್ನು ಮುಚ್ಚಿಕೊಳ್ಳುತ್ತದೆ. ಬ್ಲಾಕುಗಳನ್ನು, ಅಂದರೆ ಹಲವು ತುಂಡು ಸೇರಿ ಆಗುವ ಚೌಕಗಳನ್ನು, ಬೇರೆಬೇರೆಯಾಗಿ ಹೊಲಿದು ಕೊನೆಗೆ ಜೋಡಿಸುವ ಪದ್ಧತಿಯಲ್ಲಿ ಈ ಅನುಕೂಲವಿಲ್ಲ. ಇಲ್ಲಿ ತುಂಡಿನ ತಪ್ಪು ಬ್ಲಾಕಿಗೆ, ಬ್ಲಾಕಿನ ತಪ್ಪು ಸಾಲಿಗೆ ಸೇರುತ್ತ ಹೋಗುತ್ತದೆ.

ಲೆಕ್ಕವನ್ನು ಇಡೀ ಕೌದಿಯಿಂದ ಆರಂಭಿಸಿ ತುಂಡಿಗೆ ಇಳಿಸಬೇಕು. 60 ಇಂಚು ಅಗಲ, 90 ಇಂಚು ಉದ್ದದ ಕೌದಿ ಬೇಕೆಂದಿಟ್ಟುಕೊಳ್ಳೋಣ. 12 ಇಂಚಿನ ಬ್ಲಾಕು ಅಗಲಕ್ಕೆ ಸರಿಯಾಗಿ ಐದು ಕೂರುತ್ತದೆ, ಆದರೆ ಉದ್ದಕ್ಕೆ ಏಳೂವರೆ ಬೇಕಾಗುತ್ತದೆ. 15 ಇಂಚಿನದಾದರೆ ಅಗಲಕ್ಕೆ 4, ಉದ್ದಕ್ಕೆ 6, ಒಟ್ಟು 24 ಬ್ಲಾಕು. ಒಂದು ಬ್ಲಾಕಿನಲ್ಲಿ ಮೂರು ಸಾಲು, ಸಾಲಿಗೆ ಮೂರು ಚೌಕವೆಂದರೆ ಹೊಲಿದಾದ ಮೇಲೆ ಪ್ರತಿ ಚೌಕ 5 ಇಂಚು ಕಾಣಬೇಕು. ಸುತ್ತಲೂ ಹೊಲಿಗೆಗೆಂದು ಕಾಲಿಂಚು ಮಾರ್ಜಿನ್ ಬಿಡುವುದರಿಂದ ಕತ್ತರಿಸುವ ಅಳತೆ 5½ ಇಂಚು. ಮಾರ್ಜಿನನ್ನು ಪ್ರತಿ ತುಂಡಿಗೂ ಸೇರಿಸಬೇಕೇ ಹೊರತು ಇಡೀ ಬ್ಲಾಕಿಗೆ ಒಮ್ಮೆ ಸೇರಿಸಿ ಭಾಗಿಸಬಾರದು. 15½ನ್ನು ಮೂರರಿಂದ ಭಾಗಿಸಿ ಕತ್ತರಿಸಿದರೆ ಬ್ಲಾಕು ಹೊಲಿದಾಗ ಒಂದು ಇಂಚು ಕಡಿಮೆ ಬರುತ್ತದೆ.

ತ್ರಿಕೋನಗಳಲ್ಲಿ ಅರ್ಧ ಇಂಚು ಸೇರಿಸಿದರೆ ಸಾಲುವುದಿಲ್ಲ, ಏಕೆಂದರೆ ಓರೆ ಬದಿಗೂ ಮಾರ್ಜಿನ್ ಬೇಕು. ಎರಡು ಬಣ್ಣದ ಎರಡು ತ್ರಿಕೋನ ಸೇರಿ 5 ಇಂಚಿನ ಚೌಕವಾಗಬೇಕಾದರೆ, ಪ್ರತಿ ಬಣ್ಣದಲ್ಲಿ 5⅞ ಇಂಚಿನ ಚೌಕ ಕತ್ತರಿಸಿ ಕರ್ಣದಲ್ಲಿ ಒಮ್ಮೆ ಸೀಳಬೇಕು. ಓರೆ ಬದಿಯೂ ಸೇರಿ ಬೇಕಾಗುವ ಹೆಚ್ಚಿನ ಅಳತೆಗೆ ಕಾಲಿಂಚನ್ನು 3.414ರಿಂದ ಗುಣಿಸಿದರೆ 0.854 ಬರುತ್ತದೆ, ಟೇಪಿನಲ್ಲಿ ಅದಕ್ಕಿಂತ ತುಸು ಮೇಲಿನ ಗೆರೆ ಒಂದು ಇಂಚಿಗೆ ಅರೆಕಾಲು ಕಡಿಮೆ, ಅಂದರೆ ⅞. ಉದ್ದನೆಯ ಬದಿ ಬ್ಲಾಕಿನ ಹೊರ ಅಂಚಿಗೆ ಬರುವ ತ್ರಿಕೋನಗಳಿಗೆ ಮಾತ್ರ ಬೇರೆ ಕ್ರಮವಿದೆ: ಆ ಉದ್ದನೆಯ ಬದಿಯ ಅಳತೆಗೆ 1¼ ಇಂಚು ಸೇರಿಸಿ ಚೌಕ ಕತ್ತರಿಸಿ, ಎರಡೂ ಕರ್ಣಗಳಲ್ಲಿ ಸೀಳಿ ನಾಲ್ಕು ಮಾಡಬೇಕು. ಹೀಗೆ ಮಾಡಿದರೆ ಹಾಸು ಹೊಕ್ಕುಗಳ ನೇರ ಎಳೆ ಹೊರ ಅಂಚಿಗೆ ಬರುತ್ತದೆ. ಓರೆ ಎಳೆ ಹೊರಗೆ ಬಂದರೆ ಇಸ್ತ್ರಿಯ ಒಂದೇ ಎಳೆತಕ್ಕೆ ಬ್ಲಾಕು ಅಂಕುಡೊಂಕಾಗುತ್ತದೆ.

ನಡುವೆ ವಜ್ರದಂತೆ ನಿಲ್ಲುವ ಚೌಕಕ್ಕೆ ಹೊರ ಚೌಕದ ಅಳತೆಯನ್ನು 0.707ರಿಂದ ಗುಣಿಸಬೇಕು. ಹೊರಗೆ 10 ಇಂಚಾದರೆ ಒಳಗೆ 7.07, ಮಾರ್ಜಿನ್ ಸೇರಿ 7.57, ಇದನ್ನು 7⅝ ಎಂದು ತೆಗೆದುಕೊಂಡು, ಹೊಲಿದ ಮೇಲೆ ಬ್ಲಾಕನ್ನು ಸಮ ಮಾಡಿಕೊಳ್ಳುವುದು ಒಳ್ಳೆಯದು. ಮೂಲೆಯ ನಾಲ್ಕು ತ್ರಿಕೋನಗಳಿಗೆ 5⅞ ಇಂಚಿನ ಎರಡು ಚೌಕ ಸಾಕು.

ಈಗ ಬಟ್ಟೆ ಎಷ್ಟು ಬೇಕೆಂಬ ಲೆಕ್ಕ. ಒಂಬತ್ತು ಚೌಕದ ಬ್ಲಾಕಿನಲ್ಲಿ ಒಂದು ಬಣ್ಣ ಐದು, ಇನ್ನೊಂದು ನಾಲ್ಕು ಬಂದರೆ, 24 ಬ್ಲಾಕಿಗೆ 120 ಮತ್ತು 96 ಚೌಕ ಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎರಡೂ ಕಡೆಯ ದಟ್ಟ ಅಂಚು ತೆಗೆದರೆ ಸುಮಾರು 42 ಇಂಚು ಉಳಿಯುತ್ತದೆ, ಅದರಲ್ಲಿ 5½ ಇಂಚಿನ ಒಂದು ಪಟ್ಟಿಗೆ ಏಳು ಚೌಕ ಬರುತ್ತವೆ. ಮೊದಲ ಬಣ್ಣಕ್ಕೆ 18 ಪಟ್ಟಿ, ಅಂದರೆ 99 ಇಂಚು, ಎರಡೂವರೆ ಮೀಟರಿಗೆ ಸ್ವಲ್ಪ ಮೇಲೆ. ಎರಡನೆಯದಕ್ಕೆ 14 ಪಟ್ಟಿ, 77 ಇಂಚು, ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಕ್ರಮವಾಗಿ ಮೂರು ಮೀಟರ್ ಮತ್ತು ಎರಡೂಕಾಲು ಮೀಟರ್ ಕೇಳಿದರೆ ಒಗೆದಾಗ ಕುಗ್ಗುವುದಕ್ಕೂ ಅವಕಾಶವಿರುತ್ತದೆ. ಹಳೆಯ ಸೀರೆ ಬಳಸುವುದಾದರೆ ಪಾದದ ಕಡೆಯ ಸವೆದ ಭಾಗವನ್ನು ಲೆಕ್ಕಕ್ಕೆ ಹಿಡಿಯಬಾರದು.

ಹೊಸ ಬಟ್ಟೆಯನ್ನು ಹಳೆಯದರೊಂದಿಗೆ ಬೆರೆಸುವಾಗ ಹೊಸದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಅಳೆಯಬೇಕು, ಏಕೆಂದರೆ ಹಳೆಯ ಸೀರೆ ಕುಗ್ಗಬೇಕಾದಷ್ಟು ಈಗಾಗಲೇ ಕುಗ್ಗಿರುತ್ತದೆ. ಶಿರಸಿಯ ಮಳೆಗಾಲದಲ್ಲಿ ಬಟ್ಟೆ ಒಣಗಲು ಸಮಯ ಬೇಕು. ಅರೆ ತೇವದ ಬಟ್ಟೆಯನ್ನು ಅಳೆದು ಕತ್ತರಿಸಿದರೆ ಲೆಕ್ಕವೆಲ್ಲ ವ್ಯರ್ಥ. ಒಂದು ಕೌದಿಗೆ ಒಂದೇ ಸ್ಕೇಲು ಬಳಸಿ. ರಟ್ಟಿನ ಅಚ್ಚಿನ ಸುತ್ತ ಪೆನ್ಸಿಲ್ ಎಳೆಯುವುದಾದರೆ ಗೆರೆಯ ಒಳಗಿನಿಂದ ಕತ್ತರಿಸಿ, ಇಲ್ಲವಾದರೆ ಪ್ರತಿ ತುಂಡೂ ಗೆರೆಯ ದಪ್ಪದಷ್ಟು ಬೆಳೆಯುತ್ತದೆ.

ಲೆಕ್ಕ ಸರಿಯಿದ್ದೂ ಬ್ಲಾಕು ಚಿಕ್ಕದಾಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಮಾರ್ಜಿನಿನಲ್ಲೇ ಇರುತ್ತದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಜೋಡಿಸಿ ಇಸ್ತ್ರಿ ಮಾಡಿ ನೋಡಿ: ನಡುವಿನದು ಸರಿಯಾಗಿ ಒಂದು ಇಂಚು, ಒಟ್ಟು ಮೂರೂವರೆ ಇಂಚು ಇರಬೇಕು. ಕಡಿಮೆ ಬಂದರೆ ದಾರ ಮತ್ತು ಮಡಿಕೆಯ ದಪ್ಪ ಬಟ್ಟೆಯನ್ನು ತಿನ್ನುತ್ತಿದೆ. ಹೊಲಿಗೆಯನ್ನು ಕಾಲಿಂಚಿಗಿಂತ ಒಂದು ಎಳೆ ಹೊರಗೆ ಸರಿಸಿ, ಮಷಿನಿನ ತಟ್ಟೆಯ ಮೇಲೆ ಅಲ್ಲಿಗೆ ಗುರುತಿನ ಟೇಪು ಅಂಟಿಸಿ. 24 ಬ್ಲಾಕು ಜೋಡಿಸಿದ ಮೇಲೆ, ಸುತ್ತಿನ ಪಟ್ಟಿ ಹಚ್ಚುವ ಮೊದಲು, ಮೇಲ್ಹೊದಿಕೆ 60½ ಮತ್ತು 90½ ಇಂಚು ಇರಬೇಕು. ಪಟ್ಟಿಯ ಉದ್ದಕ್ಕೆ ಅಂಚನ್ನು ಅಳೆಯದೆ ಕೌದಿಯ ನಡುಮಧ್ಯದ ಅಳತೆಯನ್ನೇ ತೆಗೆದುಕೊಳ್ಳಿ, ಏಕೆಂದರೆ ಕೈಯಾಡಿಸಿದಷ್ಟೂ ಹಿಗ್ಗುವುದು ಅಂಚೇ.